ಹಂಪಿಯಲ್ಲಿ ಎರಡು ದಿನ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಒಂದೇ ದಿನದಲ್ಲಿ ಹಂಪಿ ನೋಡಿ ಬಂದೆವು. ಆಟೋದವರು ಹದಿನೈದು ಜಾಗ ತೋರಿಸಿದರು. ಮನೆಗೆ ಬಂದ ಮೇಲೆ ಕಲ್ಲಿನ ರಥ ಬಿಟ್ಟರೆ ಯಾವುದೂ ನೆನಪಿಲ್ಲ. ಈ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಮತ್ತೆ ಹೊರಟಿದ್ದೇವೆ. ಎರಡು ದಿನ ಇದೆ. ಜೊತೆಗೆ 68 ವರ್ಷದ ಅಮ್ಮ ಬರುತ್ತಾರೆ, ಅವರಿಗೆ ಮಂಡಿ ನೋವು. ಆರನೇ ಕ್ಲಾಸಿನ ಮಗಳು "ಬರೀ ಕಲ್ಲು ನೋಡೋಕೆ ಮತ್ತೆ ಯಾಕೆ ಹೋಗಬೇಕು?" ಅಂತ ಈಗಲೇ ಮುಖ ಊದಿಸಿಕೊಂಡಿದ್ದಾಳೆ. ಹೇಗೆ ನೋಡಬೇಕು, ಯಾವುದನ್ನು ಬಿಡಬೇಕು, ಗೈಡ್ ಬೇಕಾ ಹೇಳಿ.

ಉತ್ತರ: ನಿಮ್ಮ ಮಗಳ ಪ್ರಶ್ನೆ ಚೆನ್ನಾಗಿದೆ. ಅಲ್ಲಿಂದಲೇ ಶುರು ಮಾಡೋಣ. ಹಂಪಿಯಲ್ಲಿ ಬರೀ ಕಲ್ಲು ಯಾಕಿದೆ ಅಂದರೆ, ಕಲ್ಲಲ್ಲದ್ದು ಹೆಚ್ಚಿನದೆಲ್ಲ ಸುಟ್ಟುಹೋಯಿತು ಅಥವಾ ಕೊಳೆತುಹೋಯಿತು. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆಯಿತು. ನಮ್ಮ ಕಡೆ ಇದನ್ನೇ ರಕ್ಕಸಗಿ-ತಂಗಡಗಿ ಯುದ್ಧ ಅನ್ನುತ್ತಾರೆ. ಅಳಿಯ ರಾಮರಾಯ ಅಲ್ಲೇ ಸತ್ತ. ಆಮೇಲೆ ಗೆದ್ದ ಸುಲ್ತಾನರ ಸೈನ್ಯದವರು ವಿಜಯನಗರವನ್ನು, ಅಂದರೆ ಈ ಹಂಪಿಯನ್ನು, ಲೂಟಿ ಮಾಡಿ ಬೆಂಕಿ ಹಚ್ಚಿದರು. ರಾಜಧಾನಿ ಮತ್ತೆ ಇಲ್ಲಿ ಬೇರು ಬಿಡಲಿಲ್ಲ. ದೇವಸ್ಥಾನಗಳ ಗೋಡೆ, ಕಂಬ, ಚಾವಣಿ ಎಲ್ಲ ಗಟ್ಟಿ ಕಲ್ಲು. ಅವು ಪೆಟ್ಟು ತಿಂದರೂ ನಿಂತವು. ಅರಮನೆಗಳ ಕಥೆ ಬೇರೆ. ಅವಕ್ಕೆ ಕೆಳಗೆ ಮಾತ್ರ ಕಲ್ಲಿನ ಜಗತಿ (ಎತ್ತರದ ಕಟ್ಟೆ), ಮೇಲೆ ಮರದ ಕಂಬ, ಮರದ ತೊಲೆ, ಗಾರೆ. ಮರ ಹೋಯಿತು, ಜಗತಿ ಉಳಿಯಿತು. ನಿಮಗೆ ಹೋದ ಸಲ ನೆನಪು ಉಳಿಯದೆ ಇದ್ದದ್ದಕ್ಕೆ ಇದೂ ಒಂದು ಕಾರಣ. ಅರ್ಧ ಊರು ಕಣ್ಣಿಗೆ ಕಾಣುವುದೇ ಇಲ್ಲ, ಅಲ್ವಾ?

ಅದಕ್ಕೆ ನಾನು ಯಾರಿಗಾದರೂ ಹಂಪಿ ತೋರಿಸುವಾಗ ಎರಡೇ ಪ್ರಶ್ನೆ ಕೈಗೆ ಕೊಡುತ್ತೇನೆ. ಎಲ್ಲಿ ನಿಂತರೂ ಕೇಳಿ: ಇದರ ಮೇಲೆ ಏನಿತ್ತು? ಇಲ್ಲಿಗೆ ನೀರು ಎಲ್ಲಿಂದ ಬರುತ್ತಿತ್ತು? ಈ ಕೆಲಸವನ್ನು ಮಗಳಿಗೆ ಒಪ್ಪಿಸಿಬಿಡಿ. ಇಸವಿ, ರಾಜರ ಹೆಸರು ಆಮೇಲೆ ತಾನಾಗಿ ಬರುತ್ತವೆ.

ಮೊದಲು ಊರಿನ ಆಕಾರ ತಲೆಯಲ್ಲಿ ಕೂರಬೇಕು. ಉತ್ತರಕ್ಕೆ ತುಂಗಭದ್ರೆ, ಬಂಡೆಗಳ ನಡುವೆ ನುಗ್ಗಿಕೊಂಡು ಹರಿಯುತ್ತಾಳೆ. ಹೊಳೆಯ ದಂಡೆಯಲ್ಲಿ ವಿರೂಪಾಕ್ಷ, ಅಚ್ಯುತರಾಯ, ವಿಠ್ಠಲ ಹೀಗೆ ಸಾಲಾಗಿ ದೇವಸ್ಥಾನಗಳು. ಇಲ್ಲಿಂದ ದಕ್ಷಿಣಕ್ಕೆ, ಕಮಲಾಪುರದ ಕಡೆಗೆ, ರಾಜರು ಇದ್ದ ಭಾಗ. ಎರಡರ ನಡುವೆ ಬಾಳೆ ತೋಟ, ಭತ್ತದ ಗದ್ದೆ. ಆ ಗದ್ದೆಗೆ ನೀರುಣಿಸುವ ತುರ್ತಾ ಕಾಲುವೆ ವಿಜಯನಗರದ ಕಾಲದ್ದು. ಇವತ್ತಿಗೂ ಹರಿಯುತ್ತಿದೆ. ಹಂಪಿಯಲ್ಲಿ ಪಾಳು ಬೀಳದೆ ಉಳಿದದ್ದು ಏನು ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಹೇಳುವುದು ವಿರೂಪಾಕ್ಷನ ಪೂಜೆ ಮತ್ತು ಈ ಕಾಲುವೆ.

ಈಗ ದಿನದ ಲೆಕ್ಕಕ್ಕೆ ಬರೋಣ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುತ್ತೀರಿ. ಹಂಪಿ ಅಲ್ಲಿಂದ ಹದಿಮೂರು ಕಿಲೋಮೀಟರ್ ಅಷ್ಟೇ. ಉಳಿಯುವುದಕ್ಕೆ ಅಮ್ಮನ ದೃಷ್ಟಿಯಿಂದ ಕಮಲಾಪುರ ವಾಸಿ. ಅಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ಭುವನೇಶ್ವರಿ ಇದೆ. ಹೊಸಪೇಟೆಯಲ್ಲಿ ಹೋಟೆಲ್ ಜಾಸ್ತಿ, ಆದರೆ ಮಧ್ಯಾಹ್ನ ರೂಮಿಗೆ ಬಂದು ಹೋಗುವುದು ಕಷ್ಟ. ಹಳೆಯ ಪ್ರವಾಸ ಕಥನಗಳನ್ನು ಓದಿ ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ರೂಮು ಹುಡುಕಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನು ತೆರವು ಮಾಡಿದ್ದಾರೆ.

ಮೊದಲ ದಿನ ಎಲ್ಲರೂ ನೇರ ವಿರೂಪಾಕ್ಷನ ಗುಡಿಗೆ ಓಡುತ್ತಾರೆ. ನೀವು ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಹೋಗಿ. ಒಳಗೆ ನಡುವಿನಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ಗುಡ್ಡ, ಹೊಳೆ, ದೇವಸ್ಥಾನ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಅದರ ಸುತ್ತ ಒಂದು ಸುತ್ತು ಹಾಕಿ, ಹೊಳೆ ಎಲ್ಲಿದೆ, ಅರಮನೆ ಎಲ್ಲಿದೆ ಅಂತ ಮಗಳಿಂದಲೇ ತೋರಿಸಿಕೊಳ್ಳಿ. ಅರ್ಧ ಗಂಟೆ ಸಾಕು. ಶುಕ್ರವಾರ ಮ್ಯೂಸಿಯಂ ರಜೆ. ನಿಮ್ಮ ಮೊದಲ ದಿನ ಶುಕ್ರವಾರವಾದರೆ ಎರಡು ದಿನದ ಕಾರ್ಯಕ್ರಮವನ್ನು ಅದಲು ಬದಲು ಮಾಡಿಕೊಳ್ಳಿ.

ಟಿಕೆಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಭಾರತೀಯರಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ಜನಾನಾ (ರಾಣಿವಾಸ ಅಂತ ಕರೆಯುವ) ಆವರಣ, ಮ್ಯೂಸಿಯಂ ಮೂರಕ್ಕೂ ಅದೇ ಟಿಕೆಟ್ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಈ ಒಂದು ಕಾರಣಕ್ಕೆ ಎಷ್ಟೋ ಜನ ಮೂರನ್ನೂ ಒಂದೇ ದಿನಕ್ಕೆ ತುರುಕಿ ಸುಸ್ತಾಗುತ್ತಾರೆ. ಬೇಡ. ಎರಡನೇ ದಿನ ಇನ್ನೊಂದು ಟಿಕೆಟ್ ತಗೊಳ್ಳಿ.

ಮ್ಯೂಸಿಯಂನಿಂದ ರಾಜರ ಆವರಣ ಹತ್ತಿರ. ನನ್ನ ಪ್ರಕಾರ ಹಂಪಿಯಲ್ಲಿ ಜನ ಅತಿ ಬೇಗ ದಾಟಿ ಹೋಗುವ ಜಾಗ ಇದು. ಅತಿ ಹೆಚ್ಚು ಹೊತ್ತು ಕೊಡಬೇಕಾದ್ದೂ ಇದಕ್ಕೇ. ಒಳಗೆ ಕಾಲಿಟ್ಟ ಕೂಡಲೇ ಬಯಲು, ಅಲ್ಲಲ್ಲಿ ಜಗತಿ. "ಮೇಲೆ ಏನಿತ್ತು" ಅನ್ನುವ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಹಾನವಮಿ ದಿಬ್ಬ ಅನ್ನುವ ಎತ್ತರದ ಕಲ್ಲಿನ ವೇದಿಕೆಯ ಹತ್ತಿರ ಮಲಗಿರುವ ಕಲ್ಲಿನ ಬಾಗಿಲು ತೋರಿಸಿ. ದೊಡ್ಡ ಕಲ್ಲಿನ ಬಾಗಿಲು, ಆದರೆ ಕೆತ್ತಿದ್ದು ಥೇಟ್ ಮರದ ಬಾಗಿಲಿನ ಹಾಗೆ. ಮರಗೆಲಸ ಹೇಗಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮಹಾನವಮಿ ದಿಬ್ಬದ ಮೇಲೂ ಮರದ ಮಂಟಪ ಇತ್ತು. ಮೆಟ್ಟಿಲು ಕಡಿದು, ಅಮ್ಮ ಹತ್ತುವುದು ಬೇಡ. ಕೆಳಗಿನ ಕೆತ್ತನೆಯೇ ಸಾಕು. 1520ರ ಆಸುಪಾಸಿನಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದಿದ್ದ. ಕೃಷ್ಣದೇವರಾಯನ ಕಾಲ ಅದು. ಒಂಬತ್ತು ದಿನದ ಹಬ್ಬದಲ್ಲಿ ಕುದುರೆಗಳ ಮೆರವಣಿಗೆ, ಕುಣಿಯುವ ಹೆಂಗಸರು, ಕುಸ್ತಿ ಎಲ್ಲ ನೋಡಿ ಬರೆದಿಟ್ಟ. ಊರು ರೋಮ್‌ನಷ್ಟು ದೊಡ್ಡದು ಅಂತಲೂ ಬರೆದ. ದಿಬ್ಬದ ಸುತ್ತ ಕಲ್ಲಿನಲ್ಲಿರುವುದೂ ಅದೇ ಆನೆ, ಕುದುರೆ, ಕುಣಿತ, ಬೇಟೆ. ಉದ್ದ ಟೋಪಿ ಹಾಕಿದ ಪರದೇಶದವರನ್ನು ಹುಡುಕಲು ಮಗಳಿಗೆ ಹೇಳಿ. ವಿಜಯನಗರಕ್ಕೆ ಒಳ್ಳೆಯ ಕುದುರೆ ಸಮುದ್ರದಾಚೆಯಿಂದ ಬರಬೇಕಿತ್ತು, ಅದಕ್ಕೆ ಆ ವ್ಯಾಪಾರಿಗಳೂ ಕಲ್ಲಿನಲ್ಲಿ ಜಾಗ ಪಡೆದಿದ್ದಾರೆ.

ಅಲ್ಲೇ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾದ ಕಪ್ಪು ಕಲ್ಲಿನ ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು, ಅಲ್ಲಿಯವರೆಗೂ ಮಣ್ಣಿನ ಕೆಳಗೆ ಇತ್ತು. ಹತ್ತಿರದಿಂದ ನೋಡಿದರೆ ಕಲ್ಲುಗಳ ಮೇಲೆ ಸಣ್ಣ ಸಣ್ಣ ಗುರುತು, ಅಕ್ಷರ ಕಾಣುತ್ತವೆ. ಯಾವ ದಿಕ್ಕು, ಎಷ್ಟನೇ ಸಾಲು, ಯಾವ ಜಾಗ ಅಂತ ಕೆಲಸಗಾರರು ಹಾಕಿಕೊಂಡ ಗುರುತು. ಕಲ್ಲನ್ನು ಬೇರೆ ಕಡೆ ಕಡೆದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದಾರೆ ಅಂತ ಇದರಿಂದ ಗೊತ್ತಾಗುತ್ತದೆ. ಈಗ ಎರಡನೇ ಪ್ರಶ್ನೆ ಕೇಳಿ. ಹೊಳೆ ಇಲ್ಲಿಂದ ದೂರ, ಹಾಗಾದರೆ ನೀರು? ತಲೆ ಎತ್ತಿ ನೋಡಿದರೆ ಉತ್ತರ ಅಲ್ಲೇ ಇದೆ. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿ ಸಾಲಾಗಿ ಬಂದು ಕೊಳದ ಹತ್ತಿರ ನಿಲ್ಲುತ್ತದೆ. ಕಮಲಾಪುರದ ಕೆರೆಯಿಂದ ಇಂಥ ಕಾಲುವೆಗಳಲ್ಲಿ ರಾಜರ ಆವರಣಕ್ಕೆ ನೀರು ಹರಿಯುತ್ತಿತ್ತು. ಆ ಕೆರೆ ಇವತ್ತಿಗೂ ತುಂಬುತ್ತದೆ. ನೀವು ರೂಮಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ಹತ್ತಿರದಲ್ಲೇ ಭೋಜನ ಶಾಲೆ ಅಂತ ಒಂದು ಜಾಗ ಇದೆ. ಆಟೋದವರು ನಿಲ್ಲಿಸದಿದ್ದರೆ ನೀವೇ ನಿಲ್ಲಿಸಿ. ಸಣ್ಣ ಕಾಲುವೆ, ಅದರ ಎರಡೂ ಕಡೆ ನೆಲಕ್ಕೆ ಹಾಸಿದ ಕಲ್ಲು. ಕಲ್ಲಿನಲ್ಲೇ ಊಟದ ತಟ್ಟೆ ಕೊರೆದಿದ್ದಾರೆ. ಅನ್ನಕ್ಕೆ ದೊಡ್ಡ ಗುಳಿ, ಪಲ್ಯ ಸಾರಿಗೆ ಸುತ್ತ ಸಣ್ಣ ಗುಳಿ. ಊಟ ಮುಗಿದ ಮೇಲೆ ಕಾಲುವೆಯ ನೀರು ಎರಚಿ ತೊಳೆದರೆ ಆಯಿತು. ಇದರ ಮುಂದೆ ಕೂತ ಯಾವ ಮಗುವೂ "ಬರೀ ಕಲ್ಲು" ಅಂದದ್ದನ್ನು ನಾನು ಕೇಳಿಲ್ಲ.

ಹಜಾರ ರಾಮ ದೇವಸ್ಥಾನಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಇಲ್ಲಿ ಅಮ್ಮನೇ ಗೈಡ್. ಹೊರಗಿನ ಕಾಂಪೌಂಡ್ ಗೋಡೆಯಲ್ಲಿ ಕೆಳಗೆ ಆನೆ ಸಾಲು, ಮೇಲೆ ಕುದುರೆ, ಅದರ ಮೇಲೆ ಸೈನಿಕರು, ನರ್ತಕಿಯರು. ಒಳಗೆ ಮಂಟಪದ ಗೋಡೆಯ ಮೇಲೆ ಮೂರು ಸಾಲಿನಲ್ಲಿ ರಾಮಾಯಣ. ಪ್ರದಕ್ಷಿಣೆ ಹಾಕುತ್ತಾ ಕಥೆ ಓದಬೇಕು, ಒಂದು ಸುತ್ತಿಗೆ ಒಂದು ಸಾಲು. ರಾವಣನ ಸಭೆಯಲ್ಲಿ ಹನುಮಂತ ತನ್ನ ಬಾಲವನ್ನೇ ಸುತ್ತಿ ಆಸನ ಮಾಡಿಕೊಂಡು ಕೂತಿದ್ದಾನೆ. ಅದು ಎಲ್ಲಿದೆ ಅಂತ ನಾನು ಹೇಳುವುದಿಲ್ಲ, ಅಜ್ಜಿ ಮೊಮ್ಮಗಳು ಹುಡುಕಲಿ. ನೆಲ ಸಮತಟ್ಟಾಗಿದೆ, ಅಮ್ಮನಿಗೆ ತೊಂದರೆ ಇಲ್ಲ.

ಕಮಲ ಮಹಲ್, ಆನೆ ಲಾಯ, ರಾಣಿಯರ ಸ್ನಾನಗೃಹ ನೋಡುವಾಗ ಒಂದು ಎಚ್ಚರ. ಈ ಹೆಸರುಗಳು ಬಹುಪಾಲು ಆಮೇಲೆ ಬಂದವು. ಕಮಲ ಮಹಲ್ ರಾಣಿಯರದ್ದು ಅಂತ ಗೈಡುಗಳು ಧೈರ್ಯವಾಗಿ ಹೇಳುತ್ತಾರೆ. ಬ್ರಿಟಿಷರ ಕಾಲದ ಸರ್ವೇಯರ್ ಕರ್ನಲ್ ಕಾಲಿನ್ ಮೆಕೆಂಜಿ ಮಾಡಿಸಿದ ಹಳೆಯ ನಕಾಶೆಯಲ್ಲಿ ಅದನ್ನು ಮಂತ್ರಾಲೋಚನೆಯ ಸಭಾಂಗಣ ಅಂತ ಗುರುತಿಸಿದ್ದಾರೆ. ಎರಡಕ್ಕೂ ಗಟ್ಟಿ ಆಧಾರ ಇಲ್ಲ. ಕಟ್ಟಡ ಮಾತ್ರ ಚೆಂದ. ಕಮಾನು ಸುಲ್ತಾನರ ಶೈಲಿ, ಮೇಲಿನ ಶಿಖರ ನಮ್ಮ ದೇವಸ್ಥಾನದ್ದು. ಹನ್ನೊಂದು ಕೋಣೆಯ ಆನೆ ಲಾಯದಲ್ಲೂ ಗುಮ್ಮಟಗಳ ಆಕಾರ ಒಂದೇ ತರ ಇಲ್ಲ, ನೋಡಿ. ಇಷ್ಟು ಆದ ಮೇಲೆ ಊಟ, ನಿದ್ದೆ. ಡಿಸೆಂಬರಿನಲ್ಲೂ ಮಧ್ಯಾಹ್ನ ಬಂಡೆ ಕಾಯುತ್ತದೆ.

ಸಂಜೆಗೆ ಎಲ್ಲರೂ ಮಾತಂಗ ಬೆಟ್ಟ ಅನ್ನುತ್ತಾರೆ. ನೋಟ ಅಲ್ಲಿಯದೇ ದೊಡ್ಡದು, ಒಪ್ಪಿದೆ. ಆದರೆ ಆ ಮೆಟ್ಟಿಲು ಮಂಡಿ ನೋವಿದ್ದವರಿಗಲ್ಲ. ಮಾಲ್ಯವಂತ ರಘುನಾಥ ಗುಡಿಗೆ ಹೋಗಿ. ವಾಹನ ಮೇಲಿನ ತನಕ ಹೋಗುತ್ತದೆ. ಸೀತೆಯನ್ನು ಹುಡುಕುವ ಮುನ್ನ ರಾಮ ಲಕ್ಷ್ಮಣರು ಮಳೆಗಾಲ ಕಳೆದದ್ದು ಈ ಬೆಟ್ಟದಲ್ಲಿ ಅಂತ ನಂಬಿಕೆ, ಗುಡಿಯಲ್ಲಿ ರಾಮಾಯಣ ಪಾರಾಯಣ ನಡೆಯುತ್ತಲೇ ಇರುತ್ತದೆ. ಗುಡಿಯ ಹಿಂದಿನ ಬಂಡೆಯ ಮೇಲೆ ಕೂತರೆ ಸೂರ್ಯಾಸ್ತ ಆರಾಮಾಗಿ ಸಿಗುತ್ತದೆ.

ಎರಡನೇ ದಿನ ಬೇಗ ಏಳಿ. ವಿರೂಪಾಕ್ಷನ ಗುಡಿ ಬೆಳಿಗ್ಗೆಯೇ ಚೆನ್ನ. ಬೆಳಿಗ್ಗೆ ಗುಡಿಯ ಆನೆ ಲಕ್ಷ್ಮಿಯನ್ನು ಹೊಳೆಗೆ ಸ್ನಾನಕ್ಕೆ ಕರೆದೊಯ್ಯುವುದುಂಟು. ಅದು ಸಿಕ್ಕರೆ ಮಗಳ ದಿನ ಅಲ್ಲಿಗೇ ಗೆದ್ದಂತೆ. ರಂಗ ಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ 1510ರಲ್ಲಿ ಕಟ್ಟಿಸಿದ್ದು. ತಲೆ ಎತ್ತಿ ಚಾವಣಿ ನೋಡಿ. ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರು, ಎಲ್ಲ ಬಣ್ಣದ ಚಿತ್ರ. ಹಂಪಿ ಒಂದು ಕಾಲಕ್ಕೆ ಬಣ್ಣಬಣ್ಣವಾಗಿತ್ತು ಅನ್ನುವುದನ್ನು ನಾವು ಮರೆತುಬಿಡುತ್ತೇವೆ.

ಗರ್ಭಗುಡಿಯ ಹಿಂದೆ ಒಂದು ಕತ್ತಲೆ ಕೋಣೆ ಇದೆ. ಗೋಡೆಯಲ್ಲಿ ಸಣ್ಣ ಕಿಂಡಿ. ಅದರ ಮೂಲಕ ಪೂರ್ವದ ದೊಡ್ಡ ಗೋಪುರದ ನೆರಳು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಗೋಪುರದ ಎತ್ತರ ಸುಮಾರು 50 ಮೀಟರ್, ನೆರಳು ಅಂಗೈಯಲ್ಲಿ ಹಿಡಿಯುವಷ್ಟು. ಪವಾಡ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಿ. ಮಗಳಿಗೆ ಒಂದು ಬಿಳಿ ಹಾಳೆ ಕೊಟ್ಟು ನೆರಳನ್ನು ಅದರ ಮೇಲೆ ಹಿಡಿಯಲು ಹೇಳಿ, ಹಾಳೆಯನ್ನು ಕಿಂಡಿಯ ಹತ್ತಿರ ದೂರ ಮಾಡಲಿ. ಚಿತ್ರ ಚಿಕ್ಕದು ದೊಡ್ಡದಾಗುವುದು ಕಂಡರೆ, ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ ಅನ್ನುವ ಪಾಠ ಮತ್ತೆ ಓದಬೇಕಾಗಿಲ್ಲ. ಬಿಸಿಲು ಚೆನ್ನಾಗಿರಬೇಕು, ಅಷ್ಟೇ.

ಇಲ್ಲಿಂದ ನೀವು ಎರಡು ತಂಡ ಆಗಿ. ಅಮ್ಮ ಮತ್ತು ಇನ್ನೊಬ್ಬರು ಆಟೋದಲ್ಲಿ ಕಡಲೆಕಾಳು ಗಣೇಶ, ಕೃಷ್ಣ ದೇವಸ್ಥಾನ, ಲಕ್ಷ್ಮೀನರಸಿಂಹ ನೋಡಿಕೊಂಡು ವಿಠ್ಠಲಕ್ಕೆ ಬರಲಿ. ನರಸಿಂಹ 6.7 ಮೀಟರ್, 1528ರದ್ದು. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದುಹಾಕಿದ್ದಾರೆ, ಅವನ ಬೆನ್ನಿನ ಕಡೆ ಅವಳ ಕೈ ಮಾತ್ರ ಉಳಿದಿದೆ. ಪಕ್ಕದ ಬಡವಿಲಿಂಗದ ಬುಡದಲ್ಲಿ ಯಾವಾಗಲೂ ನೀರು. ಅದೂ ಕಾಲುವೆಯದೇ.

ನೀವು ಮತ್ತು ಮಗಳು ಹೊಳೆಯ ದಂಡೆ ಹಿಡಿದು ನಡೆಯಿರಿ. ಗುಡಿಯ ಮುಂದಿನ ಬಜಾರಿನ ಕೊನೆಯಲ್ಲಿ ಎದುರು ಬಸವಣ್ಣ ಅನ್ನುವ ದೊಡ್ಡ ಕಲ್ಲಿನ ನಂದಿ, ಅಲ್ಲಿಂದ ಎಡಕ್ಕೆ ಕಾಲುದಾರಿ. ವಿಠ್ಠಲಕ್ಕೆ ಎರಡು ಕಿಲೋಮೀಟರ್ ಆಸುಪಾಸು. ಹೋದ ಸಲ ನೀವು ಕಳೆದುಕೊಂಡದ್ದು ಇದನ್ನೇ, ಯಾಕೆಂದರೆ ಆಟೋ ಈ ದಾರಿಯಲ್ಲಿ ಬರುವುದಿಲ್ಲ. ಚಕ್ರತೀರ್ಥದಲ್ಲಿ ಹೊಳೆ ತಿರುಗುತ್ತದೆ. ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇದೆ, ಬಂಡೆ ಜಾರುತ್ತದೆ. ಹರಗೋಲು ಹತ್ತುವ ಆಸೆ ಇದ್ದರೆ ಇಲ್ಲಿ ಹತ್ತಿ. ಪಾಯೆಸ್ ಕೂಡ ಬುಟ್ಟಿಯಂಥ ಈ ದುಂಡನೆಯ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು. ಹತ್ತುವ ಮುಂಚೆ ದುಡ್ಡು ಎಷ್ಟು, ಎಲ್ಲಿಯವರೆಗೆ ಅಂತ ಮಾತಾಡಿಕೊಳ್ಳಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ದಾರಿಯುದ್ದಕ್ಕೂ ಬಂಡೆಗಳನ್ನು ಗಮನಿಸಿ. ಕೆಲವದರ ಅಂಚಿನಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಗುಳಿ ಇರುತ್ತವೆ. ಗುಳಿಗೆ ಬೆಣೆ ಹೊಡೆದು ಬಂಡೆ ಸೀಳುತ್ತಿದ್ದ ಗುರುತು ಅದು. ಕೆಲವು ಕಡೆ ಗುಳಿ ಕೊರೆದು ಸೀಳದೆ ಬಿಟ್ಟಿದ್ದಾರೆ. ಊರು ಕಟ್ಟಲು ಕಲ್ಲು ಎಲ್ಲಿಂದ ತಂದರು ಅಂತ ಯಾರೂ ಹೇಳಬೇಕಾಗಿಲ್ಲ. ಮುಂದೆ ನೀರಿನ ನಡುವೆ ಸಾಲಾಗಿ ಕಲ್ಲುಕಂಬಗಳು ಕಾಣುತ್ತವೆ, ಆನೆಗೊಂದಿ ಕಡೆಗೆ ಹೋಗುತ್ತಿದ್ದ ಹಳೆಯ ಸೇತುವೆ ಅದು. ಹತ್ತಿರವೇ ಪುರಂದರ ಮಂಟಪ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ಈ ಮಂಟಪ ಮುಳುಗುತ್ತದೆ, ಹರಗೋಲೂ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಆ ಚಿಂತೆ ಇಲ್ಲ.

ಅಮ್ಮ ಬರುವ ರಸ್ತೆಯಲ್ಲಿ ವಾಹನಗಳು ಗೆಜ್ಜಲ ಮಂಟಪದ ಹತ್ತಿರ ನಿಲ್ಲುತ್ತವೆ. ಅಲ್ಲಿಂದ ವಿಠ್ಠಲದವರೆಗೆ ಬ್ಯಾಟರಿ ಗಾಡಿ. ವಾರಾಂತ್ಯದಲ್ಲಿ ಕ್ಯೂ ಉದ್ದ ಇರುತ್ತದೆ, ಆದಷ್ಟು ಬೆಳಿಗ್ಗೆಯೇ ಬಂದುಬಿಡಲಿ.

ವಿಠ್ಠಲದಲ್ಲಿ ಮಗಳ ಕೈಗೆ ಒಂದು 50 ರೂಪಾಯಿ ನೋಟು ಕೊಡಿ. ಹಿಂಬದಿಯಲ್ಲಿರುವ ಚಿತ್ರ ಈ ರಥದ್ದೇ. ಹೋದ ಸಲ ರಥ ನೋಡಿದ್ದೀರಿ, ಈ ಸಲ ಸ್ವಲ್ಪ ಹತ್ತಿರದಿಂದ ನೋಡಿ. ಅದು ಒಂದೇ ಕಲ್ಲಿನಲ್ಲಿ ಕಡೆದದ್ದಲ್ಲ, ಹಲವು ಕಲ್ಲು ಜೋಡಿಸಿದ್ದು. ಬೆಸುಗೆ ಕಾಣದ ಹಾಗೆ ಕೆತ್ತನೆಯ ಗೆರೆಯಲ್ಲಿ ಮುಚ್ಚಿದ್ದಾರೆ. ಮುಂದಿರುವ ಆನೆಗಳು ಮೊದಲಿದ್ದವಲ್ಲ. ಆನೆಯ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಉಳಿದಿರುವುದು ಕಾಣುತ್ತದೆ. ಒಳಗೆ ಗರುಡ ಇದ್ದ ಗುಡಿ ಇದು. ಇದರ ಮೇಲೆ ಏನಿತ್ತು? ಇಟ್ಟಿಗೆಯ ಶಿಖರ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಸ್ಪಷ್ಟವಾಗಿದೆ.

ತಟ್ಟಿದರೆ ನಾದ ಬರುವ ಇಲ್ಲಿನ ಸಂಗೀತದ ಕಂಬಗಳನ್ನು ಬಡಿಯಲು ಬಿಡುವುದಿಲ್ಲ, ಬಿಡಬಾರದು ಕೂಡ. 2019ರಲ್ಲಿ ನಾಲ್ವರು ಯುವಕರು ಹಂಪಿಯಲ್ಲಿ ಕಂಬ ಬೀಳಿಸಿದ ವಿಡಿಯೋ ಎಲ್ಲರೂ ನೋಡಿದರು. ಹೊಸಪೇಟೆಯ ಕೋರ್ಟು ತಲಾ 70,000 ರೂಪಾಯಿ ಕಟ್ಟಿಸಿತು. ಬೀಳಿಸಿದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸುವ ಹಾಗೂ ಮಾಡಿತು. ನನಗೆ ಎರಡನೆಯದೇ ಸರಿಯಾದ ಶಿಕ್ಷೆ ಅನ್ನಿಸಿತು.

ಗೈಡ್ ವಿಷಯ. ಮೊದಲ ದಿನ ರಾಜರ ಆವರಣ ಮತ್ತು ಹಜಾರ ರಾಮಕ್ಕೆ ತಗೊಳ್ಳಿ. ಅಲ್ಲಿ ಕಾಣದ್ದನ್ನು ಹೇಳುವವರು ಬೇಕು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ ನೋಡಿ. "ಎಷ್ಟು ಜಾಗ ತೋರಿಸ್ತೀರಿ" ಅಂತ ಮಾತ್ರ ಕೇಳಬೇಡಿ, ಆಮೇಲೆ ಅವರು ಜಾಗ ಎಣಿಸುತ್ತಾ ಓಡಿಸುತ್ತಾರೆ. ಮೂರು ಗಂಟೆ, ಇಷ್ಟೇ ಜಾಗ, ನಿಧಾನವಾಗಿ ಅಂತ ಹೇಳಿ. ಹೊಳೆಯ ದಾರಿಗೆ ಗೈಡ್ ಬೇಡ.

ಬಿಡಬೇಕಾದದ್ದು: ಹೊಳೆಯಾಚೆಯ ಅಂಜನಾದ್ರಿ ಬೆಟ್ಟ. 575 ಮೆಟ್ಟಿಲು ಅಮ್ಮನಿಗೆ ಆಗುವುದಿಲ್ಲ, ಅವರನ್ನು ಕೆಳಗೆ ಕೂರಿಸಿ ನೀವು ಹತ್ತಿದರೆ ಅರ್ಧ ದಿನ ಹೋಗುತ್ತದೆ. ಎರಡನೇ ದಿನ ಮಧ್ಯಾಹ್ನದ ಮೇಲೂ ಶಕ್ತಿ ಉಳಿದಿದ್ದರೆ ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿ ಊರಿನೊಳಗೆ ಸುತ್ತಿ ಬನ್ನಿ. ಹಂಪಿಗಿಂತ ಹಳೆಯ ಊರು, ಜನ ಇನ್ನೂ ಕೋಟೆಯೊಳಗೆ ಸಂಸಾರ ಮಾಡಿಕೊಂಡಿದ್ದಾರೆ. ಇಲ್ಲದಿದ್ದರೆ ವಿರೂಪಾಕ್ಷನ ಗುಡಿ ಪಕ್ಕದ ಹೇಮಕೂಟ ಗುಡ್ಡದ ಇಳಿಜಾರಿನಲ್ಲಿ ಕೂತುಬಿಡಿ. ಅಲ್ಲಿನ ಕೆಲವು ಪುಟ್ಟ ಗುಡಿಗಳು ವಿಜಯನಗರಕ್ಕಿಂತ ಮೊದಲಿನವು, ಹತ್ತುವುದೂ ಸುಲಭ. ಕೈಯಲ್ಲಿ ಬಾಳೆಹಣ್ಣು ಮಾತ್ರ ಬೇಡ, ಕೋತಿಗಳು ಬಿಡುವುದಿಲ್ಲ.

ಡಿಸೆಂಬರಿನ ಆಸುಪಾಸಿನಲ್ಲಿ ವಿರೂಪಾಕ್ಷ-ಪಂಪಾಂಬಿಕೆಯರ ನಿಶ್ಚಿತಾರ್ಥದ ಫಲಪೂಜೆ ಬರುತ್ತದೆ. ಆ ದಿನ ನೋಡಲು ಚೆಂದ, ಆದರೆ ಜನಸಾಗರ. ಅಮ್ಮನ ಜೊತೆ ಬರುವುದಾದರೆ ತಾರೀಕು ವಿಚಾರಿಸಿ, ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಿ. ವಿರೂಪಾಕ್ಷದಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಹತ್ತು ಗಂಟೆಯ ನಂತರ ಅಂಗಳದ ಕಲ್ಲು ಸುಡುತ್ತದೆ. ಅಮ್ಮನಿಗೆ ಒಂದು ಜೊತೆ ದಪ್ಪ ಸಾಕ್ಸ್ ಇಟ್ಟುಕೊಂಡಿರಿ.